ಸಿರುಗುಪ್ಪದಿಂದ ಬಳ್ಳಾರಿವರೆಗೆ: ಗಾಯಾಳುಗಳು ಕಲಿಸಿದ ಪಾಠಗಳು

ಬಳ್ಳಾರಿ ಸೀಮೆಯಲ್ಲಿ ಗಾಡಿಯಿಂದ ಬಿದ್ದವನನ್ನು ಮೊದಲು ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂಬುದು ಅವನು ಬಿದ್ದ ಜಾಗದ ಮೇಲೆ ಹೋಗುತ್ತದೆ. ತೆಕ್ಕಲಕೋಟೆ ದಾಟಿ ಬಿದ್ದರೆ ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆ. ಬಾದನಹಟ್ಟಿ, ಎಮ್ಮಿಗನೂರು ಕಡೆಯಾದರೆ ಕುರುಗೋಡಿನ ಸಮುದಾಯ ಆರೋಗ್ಯ ಕೇಂದ್ರ. ನಗರದ ಆಸುಪಾಸಿನಲ್ಲಾದರೆ ನೇರ ಬಳ್ಳಾರಿಯ ದೊಡ್ಡಾಸ್ಪತ್ರೆ, ಅಂದರೆ 1961ರಲ್ಲಿ ಶುರುವಾದ, ಜನ ಇವತ್ತಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಗಡಿಯಾಚೆಯ ಆಲೂರು, ಆದೋನಿ, ರಾಯದುರ್ಗದ ಗಾಯಾಳುಗಳಿಗೂ ಅದೇ ಆಸರೆ. ಸಿರುಗುಪ್ಪದಿಂದ ಬಳ್ಳಾರಿಗೆ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಸುಮಾರು 55 ಕಿ.ಮೀ., ಕುರುಗೋಡಿನಿಂದ ಹೆಚ್ಚುಕಡಿಮೆ ಅದರ ಅರ್ಧ. ಆರೋಗ್ಯವಂತರಿಗೆ ಇದು ಒಂದು ಗಂಟೆಯ ಬಸ್ ಪ್ರಯಾಣ. ಒಳಗೆ ರಕ್ತ ಸೋರುತ್ತಿರುವವನಿಗೆ ಆ ಒಂದು ಗಂಟೆಯೇ ಆಯುಷ್ಯ.

ಎಲುಬು-ಕೀಲು ವೈದ್ಯನಾಗಿ ಈ ಮೂರೂ ಕಡೆಯ ಗಾಯಾಳುಗಳನ್ನು ನೋಡುತ್ತ ಬಂದಿದ್ದೇನೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎನ್ನುತ್ತದೆ ಕೇಂದ್ರ ಸಾರಿಗೆ ಇಲಾಖೆಯ ವರದಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಸತ್ತದ್ದು ಗ್ರಾಮೀಣ ಪ್ರದೇಶದಲ್ಲಿ. ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಅಂದರೆ ಈ ಯುದ್ಧ ನಡೆಯುತ್ತಿರುವುದು ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳ ಮುಂದೆ ಅಲ್ಲ, ನಮ್ಮಂಥ ತಾಲ್ಲೂಕುಗಳ ಬಾಗಿಲಲ್ಲಿ. ಕಡ್ಡಾಯ ಗ್ರಾಮೀಣ ಸೇವೆಗೆ ಬರುವ ಎಳೆಯ ವೈದ್ಯರಿಗೆ, ರಾತ್ರಿ ಪಾಳಿಯ ನರ್ಸ್‌ಗಳಿಗೆ, ಗಾಯಾಳುವನ್ನು ಹೊತ್ತು ತರುವ ಊರಿನವರಿಗೆ ಉಪಯೋಗಕ್ಕೆ ಬರಲಿ ಎಂದು ಕೆಲವು ಪಾಠಗಳನ್ನು ಬರೆದಿಡುತ್ತಿದ್ದೇನೆ.

1. ಬಳ್ಳಾರಿಗೆ ಬರೆದುಕೊಟ್ಟರೆ ಚಿಕಿತ್ಸೆ ಆದಂತಲ್ಲ

‘ಇಲ್ಲಿ ಆಗಲ್ರಿ, ಬಳ್ಳಾರಿಗೆ ಒಯ್ರಿ.’ ಚಿಕ್ಕ ಆಸ್ಪತ್ರೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದು. ಬಹಳ ಸಲ ಆ ಮಾತು ಸರಿಯೇ. ನರಶಸ್ತ್ರಚಿಕಿತ್ಸಕರು, ದೊಡ್ಡ ರಕ್ತನಿಧಿ, ವೆಂಟಿಲೇಟರ್ ಇರುವುದು ಅಲ್ಲಿಯೇ. ಆದರೆ ಆ ಮಾತು ಹೇಳುವ ಮೊದಲು ಗಾಯಾಳುವನ್ನು ದಾರಿಗೆ ತಯಾರು ಮಾಡಬೇಕು. ಅದಕ್ಕೆ ಹದಿನೈದು ನಿಮಿಷ ಸಾಕು, ದುಬಾರಿ ಯಂತ್ರಗಳೇನೂ ಬೇಡ.

1976ರ ಫೆಬ್ರುವರಿಯಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ಎಲುಬು ವೈದ್ಯರು ತಾವೇ ನಡೆಸುತ್ತಿದ್ದ ಸಣ್ಣ ವಿಮಾನ ಹೊಲದಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು. ನಾಲ್ಕು ಮಕ್ಕಳಲ್ಲಿ ಮೂವರಿಗೆ ಜೀವಕ್ಕೆ ಕುತ್ತು ತರುವಂಥ ಪೆಟ್ಟು. ರಸ್ತೆಯಲ್ಲಿ ಹೋಗುತ್ತಿದ್ದ ಕಾರು ನಿಲ್ಲಿಸಿ ಹತ್ತಿರದ ಹಳ್ಳಿ ಆಸ್ಪತ್ರೆಗೆ ಹೋದರೆ ಬಾಗಿಲು ಹಾಕಿತ್ತು. ತೆರೆದ ಮೇಲೂ ಮೊದಲು ಏನು, ಆಮೇಲೆ ಏನು ಎಂಬ ಕ್ರಮ ಅಲ್ಲಿದ್ದವರಿಗೆ ತಿಳಿದಿರಲಿಲ್ಲ. ಆ ನೋವಿನಲ್ಲಿ ಸ್ಟೈನರ್ ಮತ್ತು ಅವರ ಜೊತೆಗಾರರು ಕಟ್ಟಿದ ತರಬೇತಿ 1978ರಲ್ಲಿ ಶುರುವಾಯಿತು. ಇಂದು ಜಗತ್ತಿನ ಹಲವೆಡೆ ವೈದ್ಯರು ಎಟಿಎಲ್‌ಎಸ್ ಹೆಸರಿನಲ್ಲಿ ಕಲಿಯುವುದು ಅದನ್ನೇ. ದೊಡ್ಡ ಆಸ್ಪತ್ರೆಗಳ ಪಾಠವೆಂದು ನಾವು ಭಾವಿಸುವ ಇದು ಹುಟ್ಟಿದ್ದು ಹಳ್ಳಿಯ ಚಿಕ್ಕ ಆಸ್ಪತ್ರೆಗಾಗಿ ಎಂಬುದನ್ನು ನಾನು ಪ್ರತಿ ಹೊಸ ಡಾಕ್ಟರಿಗೂ ಹೇಳುತ್ತೇನೆ. ಕ್ರಮ ಇಷ್ಟೇ: ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ, ಆಮೇಲೆ ಪ್ರಜ್ಞೆ, ಕೊನೆಗೆ ಬಟ್ಟೆ ಸರಿಸಿ ಮುಂದೆ-ಹಿಂದೆ ಇಡೀ ಮೈ.

ಒಂದು ಉದಾಹರಣೆ. ಟಾಟಾ ಏಸ್ ಗಾಡಿಯ ತಳದಲ್ಲಿ ಹುಡುಗನೊಬ್ಬನನ್ನು ಮಲಗಿಸಿಕೊಂಡು ಬಂದಿದ್ದರು. ತಲೆ ಅಣ್ಣನ ತೊಡೆಯ ಮೇಲೆ, ಗದ್ದ ಎದೆಗೆ ತಾಗುವಷ್ಟು ಬಾಗಿತ್ತು. ಬಾಯಿತುಂಬ ರಕ್ತ, ಮುರಿದ ಹಲ್ಲು. ಗಂಟಲಲ್ಲಿ ಗೊರಗೊರ ಸದ್ದು. ‘ಉಸಿರು ಐತ್ರಿ, ಸದ್ದು ಬರಾಕತ್ತೈತಿ’ ಎಂದು ಅಣ್ಣ ಧೈರ್ಯದಿಂದ ಹೇಳುತ್ತಿದ್ದ. ಆ ಸದ್ದೇ ಅಪಾಯದ್ದು, ಉಸಿರಿನ ದಾರಿ ಕಟ್ಟುತ್ತಿದೆ ಎಂಬುದರ ಗುರುತು. ಕುತ್ತಿಗೆ ಅಲುಗಿಸದೆ ಅವನನ್ನು ಹಲಗೆಯ ಮೇಲೆ ನೇರ ಮಲಗಿಸಿದೆವು. ಎರಡೂ ಕಿವಿಗಳ ಕೆಳಗೆ ದವಡೆಯ ಮೂಲೆಗೆ ಬೆರಳಿಟ್ಟು ದವಡೆಯನ್ನು ಮುಂದಕ್ಕೆ ಎತ್ತಿ, ಬಾಯಿಯನ್ನು ಸಕ್ಷನ್‌ನಿಂದ ಶುಚಿಮಾಡಿ ಆಮ್ಲಜನಕ ಕೊಟ್ಟೆವು. ನೀಲಿಗಟ್ಟಿದ್ದ ತುಟಿಗೆ ಬಣ್ಣ ಬಂತು. ಬಳ್ಳಾರಿಗೆ ಹೊರಟಾಗ ನರ್ಸ್ ಒಬ್ಬರು ಆಂಬುಲೆನ್ಸ್‌ನಲ್ಲಿ ಅವನ ತಲೆಯ ಬಳಿ ಕೂತು ದಾರಿಯುದ್ದಕ್ಕೂ ದವಡೆ ಹಿಡಿದೇ ಹೋದರು. ಹುಡುಗ ಬದುಕಿದ. ಬಾಯಿಗೆ ನೀರು ಹುಯ್ಯುವುದು, ಕೂರಿಸಿಕೊಂಡು ತರುವುದು, ತಲೆ ಎತ್ತಿ ತೊಡೆಯ ಮೇಲಿಟ್ಟುಕೊಳ್ಳುವುದು, ಇವೆಲ್ಲ ಪ್ರೀತಿಯಿಂದಲೇ ಮಾಡುವ ಕೆಲಸಗಳು. ಆದರೆ ಪ್ರಜ್ಞೆ ಇಲ್ಲದವನನ್ನು ಕೊಲ್ಲುವುದೂ ಇವೇ.

2. ಚೀರುವವನನ್ನು ಆಮೇಲೆ ನೋಡಿ, ಸುಮ್ಮನಿರುವವನನ್ನು ಮೊದಲು ನೋಡಿ

ನಮ್ಮ ಕಡೆ ಗಾಯಾಳುಗಳು ಒಬ್ಬೊಬ್ಬರೇ ಬರುವುದಿಲ್ಲ. ಮೆಣಸಿನಕಾಯಿ ಬಿಡಿಸುವ, ಹತ್ತಿ ಬಿಡಿಸುವ ಕಾಲದಲ್ಲಿ ಒಂದು ಆಟೊದಲ್ಲಿ ಹತ್ತು-ಹನ್ನೆರಡು ಹೆಣ್ಣುಮಕ್ಕಳು ಕೂತು ಹೋಗುತ್ತಾರೆ. ಅಂಚಿಗೆ ಕೂತವರ ಕಾಲು ಹೊರಗೆ, ಸೆರಗು ಚಕ್ರದ ಹತ್ತಿರ. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ತಾಲ್ಲೂಕಿನ ಕೊಳಗಲ್ಲು ಬಳಿ ಇಂಥದ್ದೇ ಆಟೊ ತುಂಗಭದ್ರಾ ಕಾಲುವೆಗೆ ಬಿದ್ದು ಕೂಲಿಗೆ ಹೊರಟಿದ್ದ ಹೆಣ್ಣುಮಕ್ಕಳು ಪ್ರಾಣ ಕಳೆದುಕೊಂಡದ್ದು ಜಿಲ್ಲೆಯ ಜನರಿಗೆ ನೆನಪಿರುತ್ತದೆ.

ಗಾಡಿ ತುಂಬ ಗಾಯಾಳುಗಳು ಬಂದಾಗ ಕೈಗೆ ಪೆಟ್ಟಾದವಳು ಜೋರಾಗಿ ಅಳುತ್ತಾಳೆ. ಎಲ್ಲರೂ ಅವಳ ಸುತ್ತ ಸೇರುತ್ತಾರೆ. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ‘ನನಗೇನೂ ಆಗಿಲ್ರಿ, ಅಕಿನ್ನ ನೋಡ್ರಿ’ ಎನ್ನುವವಳ ಕೈ ಮುಟ್ಟಿ ನೋಡಿ. ಅಂಗೈ ತಣ್ಣಗಿದ್ದು, ಹಣೆ ಬೆವರಿ, ನಾಡಿ ನಿಮಿಷಕ್ಕೆ 120 ದಾಟಿದ್ದರೆ ಅವಳ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ. ಗುಲ್ಮವೋ ಯಕೃತ್ತೋ ಒಡೆದಿರಬಹುದು. ಆಕೆಗೆ ರಕ್ತದೊತ್ತಡ ಇನ್ನೂ ಸರಿಯೇ ತೋರಿಸುತ್ತದೆ, ವಯಸ್ಸು ಚಿಕ್ಕದಾದಷ್ಟೂ ದೇಹ ಕೊನೆಯವರೆಗೆ ತಡೆದುಕೊಂಡು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಇಂಥವಳೇ ಮೊದಲ ಆಂಬುಲೆನ್ಸ್‌ನಲ್ಲಿ ಹೋಗಬೇಕು. ನಡೆದುಕೊಂಡು ಬಂದಳು ಎಂಬ ಕಾರಣಕ್ಕೆ ಬೆಂಚಿನ ಮೇಲೆ ಕೂರಿಸಿ ಮರೆಯಬಾರದು.

3. ರಕ್ತ ನಿಲ್ಲಿಸಲು ಅಂಗೈ ಸಾಕು, ಆದರೆ ತೆಗೆಯಬಾರದು

ಗಾಯಕ್ಕೆ ಅರಿಶಿನ, ಕಾಫಿಪುಡಿ, ಸುಣ್ಣ, ಬೀಡಿಯ ತಂಬಾಕು, ಕೆಲವೊಮ್ಮೆ ಡೀಸೆಲ್ ಕೂಡ ಹಾಕಿಕೊಂಡು ಬರುತ್ತಾರೆ. ಇವು ಯಾವುವೂ ರಕ್ತ ನಿಲ್ಲಿಸುವುದಿಲ್ಲ, ಗಾಯ ತೊಳೆಯುವ ಕೆಲಸವನ್ನು ಮಾತ್ರ ಹೆಚ್ಚಿಸುತ್ತವೆ. ಶುಚಿಯಾದ ಬಟ್ಟೆಯನ್ನು ಮಡಚಿ ಗಾಯದ ಮೇಲಿಟ್ಟು, ಅಂಗೈಯಿಂದ ಒತ್ತಿ ಹಿಡಿದು, ಆಸ್ಪತ್ರೆ ಬರುವ ತನಕ ತೆಗೆಯದಿದ್ದರೆ ಹೆಚ್ಚಿನ ಗಾಯಗಳ ರಕ್ತ ನಿಲ್ಲುತ್ತದೆ. ‘ನಿಂತಿದೆಯಾ ನೋಡೋಣ’ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡುವ ಅಭ್ಯಾಸವೇ ನಮ್ಮಲ್ಲಿ ದೊಡ್ಡ ತೊಂದರೆ.

ಹೊರಗೆ ಕಾಣುವ ರಕ್ತಕ್ಕಿಂತ ಒಳಗಿನದು ಕ್ರೂರ. ಒಂದು ತೊಡೆ ಎಲುಬು ಮುರಿದರೆ ಒಂದರಿಂದ ಒಂದೂವರೆ ಲೀಟರ್ ರಕ್ತ ತೊಡೆಯೊಳಗೇ ಸೇರಿಕೊಳ್ಳಬಹುದು, ಚರ್ಮದ ಮೇಲೆ ಒಂದು ಗೀರೂ ಇರುವುದಿಲ್ಲ. ಸೊಂಟದ ಉಂಗುರ ಒಡೆದರೆ ಅದಕ್ಕಿಂತ ಹೆಚ್ಚು. ಲಾರಿ ಹರಿದ, ಟ್ರ್ಯಾಕ್ಟರ್ ಮಗುಚಿದ ಗಾಯಾಳುವಿನ ಸೊಂಟವನ್ನು ಅಲುಗಿಸಿ ಪರೀಕ್ಷೆ ಮಾಡುವುದು ಬೇಡ. ವಾರ್ಡಿನ ಬೆಡ್‌ಶೀಟ್ ಒಂದನ್ನು ಉದ್ದಕ್ಕೆ ಮಡಚಿ, ಹೊಕ್ಕಳ ಮಟ್ಟದಲ್ಲಲ್ಲ, ತೊಡೆಯ ಮೇಲ್ತುದಿಯಲ್ಲಿ ಕೈಗೆ ಸಿಗುವ ಎಲುಬಿನ ಗಂಟುಗಳ ಮಟ್ಟದಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿ. ಆ ಬೆಡ್‌ಶೀಟ್ ಎಷ್ಟೋ ಜನರನ್ನು ಬಳ್ಳಾರಿಯವರೆಗೆ ಜೀವಂತ ತಂದಿದೆ.

ಇನ್ನು ರಕ್ತಸ್ರಾವ ತಗ್ಗಿಸುವ ಔಷಧ ಟ್ರಾನೆಕ್ಸಾಮಿಕ್ ಆಸಿಡ್. 2010ರಲ್ಲಿ ಪ್ರಕಟವಾದ ಕ್ರ್ಯಾಷ್-2 ಅಧ್ಯಯನದಲ್ಲಿ 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳಿದ್ದರು, ಭಾರತದವರೂ ಇದ್ದರು. ಪೆಟ್ಟಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ತಗ್ಗುತ್ತದೆ, ಬೇಗ ಕೊಟ್ಟಷ್ಟೂ ಒಳ್ಳೆಯದು, ಮೂರು ಗಂಟೆ ಕಳೆದ ಮೇಲೆ ಕೊಟ್ಟರೆ ಕೆಡುಕಾಗಬಹುದು ಎಂದು ಅದು ತೋರಿಸಿತು. ಹತ್ತು ನಿಮಿಷದಲ್ಲಿ ಒಂದು ಗ್ರಾಂ, ಆಮೇಲೆ ಎಂಟು ಗಂಟೆಯಲ್ಲಿ ಇನ್ನೊಂದು ಗ್ರಾಂ. ಈ ಗಡುವು ನಮ್ಮ ದೂರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೊದಲ ಗ್ರಾಂ ಸಿರುಗುಪ್ಪದಲ್ಲೇ ಮೈಗೆ ಸೇರಬೇಕು. ಬಳ್ಳಾರಿಗೆ ಹೋಗಿ, ಸರದಿ ಬಂದು, ಚೀಟಿ ಬರೆಯುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ‘ಬಾಟ್ಲಿ ಹಚ್ರಿ’ ಎಂದು ಸಂಬಂಧಿಕರು ಒತ್ತಾಯಿಸುತ್ತಾರೆಂದು ಲೀಟರ್‌ಗಟ್ಟಲೆ ಸಲೈನ್ ಸುರಿಯುವುದೂ ಸರಿಯಲ್ಲ. ಅದು ರಕ್ತವನ್ನು ತೆಳುಮಾಡಿ, ಮೈ ತಣ್ಣಗೆ ಮಾಡಿ, ಹೆಪ್ಪುಗಟ್ಟುವ ಶಕ್ತಿಯನ್ನೇ ಕುಂದಿಸುತ್ತದೆ. ಒಂದು ಲೀಟರ್ ಹೋದ ಮೇಲೂ ನಾಡಿ ಸುಧಾರಿಸದಿದ್ದರೆ ಅವನಿಗೆ ಬೇಕಾದ್ದು ರಕ್ತ ಮತ್ತು ಶಸ್ತ್ರಚಿಕಿತ್ಸೆ.

4. ‘ಮಾತಾಡಾಕತ್ತಾನ್ರಿ’ ಎಂಬುದು ನೆಮ್ಮದಿಯ ಮಾತಲ್ಲ

ತಲೆಗೆ ಪೆಟ್ಟಾದವರಲ್ಲಿ ಒಂದು ಬಗೆಯುಂಟು. ಬಿದ್ದಾಗ ಒಂದು ಕ್ಷಣ ಎಚ್ಚರ ತಪ್ಪುತ್ತದೆ, ಆಮೇಲೆ ಎದ್ದು ಕೂರುತ್ತಾನೆ, ನೀರು ಕೇಳುತ್ತಾನೆ, ಬೈಕ್ ಎಲ್ಲಿ ಎಂದು ವಿಚಾರಿಸುತ್ತಾನೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ತಲೆಬುರುಡೆಯ ಒಳಗೆ ರಕ್ತನಾಳವೊಂದು ಹರಿದು ಹನಿಹನಿಯಾಗಿ ರಕ್ತ ಸೇರುತ್ತಿರುತ್ತದೆ. ಎರಡು-ಮೂರು ಗಂಟೆಯಲ್ಲಿ ವಾಂತಿ, ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದು. ಸಕಾಲದಲ್ಲಿ ತಲೆಬುರುಡೆ ತೆರೆದು ಆ ರಕ್ತ ತೆಗೆದರೆ ಪೂರ್ತಿ ಗುಣವಾಗಿ ಹೊಲಕ್ಕೆ ಮರಳಬಲ್ಲವರು ಇವರೇ. ತಡವಾದರೆ ಸಾಯುವವರೂ ಇವರೇ. ‘ಚೆನ್ನಾಗಿದ್ದ, ಮನೆಗೆ ಹೋಗಿ ಮಲಗಿದ, ಬೆಳಿಗ್ಗೆ ಏಳಲಿಲ್ಲ’ ಎಂಬ ಕಥೆ ಈ ಸೀಮೆಯ ಪ್ರತಿ ಊರಲ್ಲೂ ಇದೆ.

ಅದಕ್ಕೇ ಸಂಖ್ಯೆ ಬರೆಯಿರಿ ಎನ್ನುತ್ತೇನೆ. 1974ರಲ್ಲಿ ಗ್ಲಾಸ್ಗೊದ ಟೀಸ್‌ಡೇಲ್ ಮತ್ತು ಜೆನ್ನೆಟ್ ಕೊಟ್ಟ ಪ್ರಜ್ಞೆಯ ಅಳತೆಯಲ್ಲಿ ಕಣ್ಣು, ಮಾತು, ಚಲನೆ ಮೂರನ್ನೂ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. ಖರ್ಚಿಲ್ಲ, ಯಂತ್ರ ಬೇಡ. ಒಂದು ಸಲ ಬರೆದ 14ಕ್ಕೆ ಹೆಚ್ಚು ಅರ್ಥವಿಲ್ಲ. ಆದರೆ ‘ರಾತ್ರಿ 9.10ಕ್ಕೆ 14, 9.40ಕ್ಕೆ 11’ ಎಂದು ಬರೆದ ಚೀಟಿ ಬಳ್ಳಾರಿಯ ವೈದ್ಯನಿಗೆ ಏನು ಮಾಡಬೇಕೆಂದು ಬಾಯಿಬಿಟ್ಟು ಹೇಳುತ್ತದೆ. 8 ಅಥವಾ ಕಡಿಮೆ ಇದ್ದರೆ ಗಾಯಾಳು ತನ್ನ ಉಸಿರಿನ ದಾರಿಯನ್ನು ತಾನೇ ಕಾಯ್ದುಕೊಳ್ಳಲಾರ. ಜೊತೆಗೆ ಯಾರಾದರೂ ತಿಳಿದವರು ಹೋಗಲೇಬೇಕು.

ಬಾಯಿಂದ ಸಾರಾಯಿ ವಾಸನೆ ಬಂದರೆ ‘ಕುಡಿದು ಮಲಗ್ಯಾನ’ ಎಂದು ಬಿಟ್ಟುಬಿಡುವುದು ಬಹಳ ಅಪಾಯಕಾರಿ. ಕುಡಿದವನ ತಲೆಗೂ ಪೆಟ್ಟಾಗುತ್ತದೆ. ನಿಜ ಹೇಳಬೇಕೆಂದರೆ ಅವನಿಗೇ ಹೆಚ್ಚು. ಮಂಪರಿಗೆ ಕಾರಣ ಪೆಟ್ಟೇ ಎಂದು ಇಟ್ಟುಕೊಂಡು ನಡೆಯುವುದು ಸುರಕ್ಷಿತ. ಹಾಗೆಯೇ ಮಲಗಿ ಗೊರಕೆ ಹೊಡೆಯುವ ಗಾಯಾಳು ನಿದ್ದೆ ಮಾಡುತ್ತಿಲ್ಲ.

ಹೆಲ್ಮೆಟ್ ಬಗ್ಗೆ ಎರಡು ಮಾತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಅದು ತಲೆಯ ಗಾಯವನ್ನು ನೂರಕ್ಕೆ 69ರಷ್ಟು, ಸಾವನ್ನು ನೂರಕ್ಕೆ 42ರಷ್ಟು ತಗ್ಗಿಸುತ್ತದೆ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಅದನ್ನು ಹಾಕಿಕೊಳ್ಳುವುದು ಕಷ್ಟ, ನನಗೂ ಗೊತ್ತು. ಆದರೂ ಹಾಕಬೇಕು, ಪಟ್ಟಿ ಬಿಗಿಯಬೇಕು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಅದು 2016ರ ಜನವರಿಯಲ್ಲೇ ಕಡ್ಡಾಯವಾಯಿತು. ಹಳ್ಳಿಯ ರಸ್ತೆಯಲ್ಲಿ ಹಿಂದೆ ಕೂತ ತಾಯಂದಿರ ತಲೆಯ ಮೇಲೆ ಇವತ್ತಿಗೂ ಸೆರಗು ಮಾತ್ರ.

5. ಕಟ್ಟು ಹಾಕಿದ ಮೇಲೆ ಬೆರಳು ನೋಡಿ

ಎಲುಬು ಮುರಿದರೆ ನಮ್ಮ ಜನ ಮೊದಲು ನೆನೆಯುವುದು ನಾಟಿ ಕಟ್ಟನ್ನು. ಆಂಧ್ರದ ಪುತ್ತೂರಿನ ಹೆಸರು ಹೊತ್ತ ಬೋರ್ಡುಗಳು ಈ ಸೀಮೆಯ ಊರೂರಲ್ಲಿವೆ. ಹೋಗುವವರನ್ನು ನಾನು ಬೈಯುವುದಿಲ್ಲ. ಅಲ್ಲಿ ಖರ್ಚು ಕಡಿಮೆ, ಶಸ್ತ್ರಚಿಕಿತ್ಸೆಯ ಹೆದರಿಕೆ ಇಲ್ಲ, ಮಾತಾಡಿಸುವವರು ಕನ್ನಡ-ತೆಲುಗು ಎರಡರಲ್ಲೂ ಸಮಾಧಾನವಾಗಿ ಮಾತಾಡಿಸುತ್ತಾರೆ. ಆಸ್ಪತ್ರೆಗಳು ಇದರಿಂದ ಕಲಿಯಬೇಕಾದ್ದೂ ಇದೆ. ಆದರೆ ಪೆಟ್ಟಾದ ಮೊದಲ ಎರಡು ದಿನ ಕೈಕಾಲು ಊದಿಕೊಳ್ಳುತ್ತದೆ. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಸುತ್ತಿದ ಕಟ್ಟು ಊದಿಕೊಳ್ಳಲು ಬಿಡುವುದಿಲ್ಲ. ಒತ್ತಡ ಒಳಗೇ ಏರಿ ರಕ್ತ ಓಡಾಟ ನಿಲ್ಲುತ್ತದೆ. ಸುಮಾರು ಆರು ಗಂಟೆಯಲ್ಲಿ ಸ್ನಾಯು ಸಾಯತೊಡಗುತ್ತದೆ.

ಮೊಣಕೈ ಮುರಿದ ಎಂಟು ವರ್ಷದ ಹುಡುಗಿಯ ಕೈ ಹೀಗೆ ಸೆಟೆದು ಹಕ್ಕಿಯ ಪಂಜದಂತೆ ಬಾಗಿದ್ದನ್ನು ನೋಡಿದವರು ಮತ್ತೆ ಮರೆಯಲಾರರು. ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳು ಬಿಚ್ಚಲೇ ಇಲ್ಲ. ಆದ್ದರಿಂದ ಕಟ್ಟು ಯಾರೇ ಹಾಕಿರಲಿ, ನಾಟಿ ವೈದ್ಯರಾಗಲಿ ನಮ್ಮ ಆಸ್ಪತ್ರೆಯ ಪ್ಲಾಸ್ಟರ್ ಆಗಲಿ, ಮನೆಯವರು ಬೆರಳ ತುದಿಗಳನ್ನು ನೋಡುತ್ತಿರಬೇಕು. ಬೆರಳು ನೀಲಿ ಅಥವಾ ಬಿಳಿಚಿದ್ದರೆ, ಜೋಮು ಹಿಡಿದರೆ, ಬೆರಳನ್ನು ಮೆಲ್ಲಗೆ ನೇರ ಮಾಡಿದಾಗ ತಡೆಯಲಾರದ ನೋವಾದರೆ, ರಾತ್ರಿ ಎರಡು ಗಂಟೆಯಾದರೂ ಸರಿ, ಕಟ್ಟನ್ನು ಪೂರ್ತಿ ಕತ್ತರಿಸಿ ಆಸ್ಪತ್ರೆಗೆ ಓಡಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಎಲುಬು ಚರ್ಮ ಹರಿದು ಹೊರಬಂದಿದ್ದರೆ ಮಾತೇ ಬೇರೆ. ನಮ್ಮದು ಎರೆಮಣ್ಣು, ಭತ್ತದ ಗದ್ದೆಯ ಕೆಸರು, ಕಾಲುವೆ ನೀರು. ಎರೆಮಣ್ಣು ಎಲುಬಿಗೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಆಂಟಿಬಯಾಟಿಕ್ ಚುಚ್ಚುಮದ್ದಿನ ಮೊದಲ ಡೋಸನ್ನು ಒಂದು ಗಂಟೆಯೊಳಗೆ, ಅಂದರೆ ಮೊದಲು ಮುಟ್ಟಿದ ಆಸ್ಪತ್ರೆಯಲ್ಲೇ ಕೊಡಿ. ಧನುರ್ವಾಯು ಚುಚ್ಚುಮದ್ದು ಕೊಡಿ. ಕಣ್ಣಿಗೆ ಕಾಣುವ ಕೊಳೆಯನ್ನು ಸಲೈನ್‌ನಿಂದ ತೊಳೆದು, ಒದ್ದೆ ಗಾಜ್ ಮುಚ್ಚಿ, ದಬ್ಬೆ ಕಟ್ಟಿ ಕಳಿಸಿ. ಹೊಲಿಗೆ ಹಾಕಬೇಡಿ. ಚೆಂದಕ್ಕೆ ಹೊಲಿದ ಕೊಳಕು ಗಾಯ ಮೂರನೇ ದಿನ ಕೀವಿನೊಂದಿಗೆ ಬಾಯಿಬಿಡುತ್ತದೆ, ಆಮೇಲೆ ಕಾಲು ಉಳಿಸುವ ಲೆಕ್ಕವೇ ಬದಲಾಗುತ್ತದೆ. ದಬ್ಬೆ ಇಲ್ಲದಿದ್ದರೆ ಸಲೈನ್ ಬಾಟಲಿಗಳ ರಟ್ಟಿನ ಪೆಟ್ಟಿಗೆ ಸಾಕು, ಮುರಿದ ಜಾಗದ ಮೇಲಿನ ಕೀಲು ಮತ್ತು ಕೆಳಗಿನ ಕೀಲು ಎರಡೂ ಅಲುಗದಂತೆ ಕಟ್ಟಿದರಾಯಿತು.

6. ಚಕ್ರದ ಕಡ್ಡಿಗೆ ಸಿಕ್ಕ ಹಿಮ್ಮಡಿ

ಬೈಕಿನ ಹಿಂದೆ ಕೂತ ಮಗುವಿನ ಹಿಮ್ಮಡಿ ಚಕ್ರಕ್ಕೆ ಸಿಕ್ಕರೆ ಮೊದಲ ದಿನ ಬರೀ ತರಚಿದಂತೆ ಕಾಣುತ್ತದೆ. ನಾಲ್ಕೈದು ದಿನದಲ್ಲಿ ಚರ್ಮ ಕಪ್ಪಾಗಿ ಸಾಯುತ್ತದೆ, ಕೆಳಗಿನ ನರ-ಸ್ನಾಯುರಜ್ಜು ತೆರೆದುಕೊಳ್ಳುತ್ತದೆ. ಸಣ್ಣ ಗಾಯವೆಂದು ಕಳಿಸಿಬಿಡದೆ ಎಕ್ಸ್‌ರೇ ತೆಗೆಸಿ, ಕಾಲು ಎತ್ತರದಲ್ಲಿಟ್ಟು, ಮೂರನೇ ದಿನ ಬರಲು ಹೇಳಿ. ಬೈಕಿಗೆ ಸೀರೆ ಗಾರ್ಡ್ ಇದ್ದರೆ ಈ ಗಾಯ ಹೆಚ್ಚಾಗಿ ಆಗುವುದೇ ಇಲ್ಲ.

7. ಫೋನ್ ಮಾಡಿ, ಚೀಟಿ ಬರೆದು, ಕಳಿಸಿ

108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಗಾಯಾಳುಗಳು ಬರುತ್ತಿದ್ದ ರೀತಿ ಬಲ್ಲವರಿಗೆ ಅದರ ಬೆಲೆ ಗೊತ್ತು. ಆದರೆ ಗಾಡಿ ಎಷ್ಟು ಜೋರಾಗಿ ಓಡಿದರೂ ಬಳ್ಳಾರಿಯಲ್ಲಿ ಯಾರಿಗೂ ಸುದ್ದಿ ಇಲ್ಲದಿದ್ದರೆ ಬಾಗಿಲಲ್ಲೇ ಅರ್ಧ ಗಂಟೆ ಹೋಗುತ್ತದೆ. ಹೊರಡುವ ಮೊದಲು ಒಂದು ಫೋನ್. ಚೀಟಿಯಲ್ಲಿ ಆರು ಸಂಗತಿ: ಅಪಘಾತವಾದ ಹೊತ್ತು, ಪ್ರಜ್ಞೆಯ ಅಂಕ, ನಾಡಿ ಮತ್ತು ರಕ್ತದೊತ್ತಡ, ಕಂಡ ಗಾಯಗಳು, ಕೊಟ್ಟ ಔಷಧ ಮತ್ತು ಕೊಟ್ಟ ಹೊತ್ತು, ಕರೆ ಮಾಡಬಹುದಾದ ವೈದ್ಯರ ಸಂಖ್ಯೆ. ‘ಹೆಚ್ಚಿನ ಚಿಕಿತ್ಸೆಗೆ’ ಎಂಬ ಎರಡು ಪದದ ಚೀಟಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

8. ಕಾಗದವೂ ಚಿಕಿತ್ಸೆಯ ಭಾಗ

‘ಕೇಸ್ ಬ್ಯಾಡ್ರಿ, ಊರಾಗ ಮಾತಾಡ್ಕೊಂತೀವಿ’ ಎಂದು ಗಾಯಾಳುವಿನ ಕಡೆಯವರೇ ಬಂದು ಬೇಡುತ್ತಾರೆ. ಅವರ ಮುಜುಗರ ಅರ್ಥವಾಗುತ್ತದೆ, ಗುದ್ದಿದವನು ನೆಂಟನೋ ಪಕ್ಕದ ಹೊಲದವನೋ ಆಗಿರುತ್ತಾನೆ. ಆದರೂ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ನೋಂದಾಯಿಸಲೇಬೇಕು. ಕಾನೂನು ಎಂಬ ಒಂದೇ ಕಾರಣಕ್ಕಲ್ಲ. ಕಾಲು ಮುರಿದ ಕೂಲಿಕಾರ ಎಂಟು ತಿಂಗಳು ದುಡಿಯಲಾರ. ಊರ ಪಂಚಾಯಿತಿಯಲ್ಲಿ ಕೊಟ್ಟ ಹತ್ತು ಸಾವಿರ ಎರಡನೇ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಮುಗಿದಿರುತ್ತದೆ. ಆಗ ಅವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದರೆ ಮೊದಲು ಕೇಳುವುದು ಗಾಯದ ಪ್ರಮಾಣಪತ್ರ. ಅರ್ಜಿ ಹಾಕಲು ಕಾನೂನು ಆರು ತಿಂಗಳ ಗಡುವು ಇಟ್ಟಿದೆ, ಹಾಗಾಗಿ ತಡಮಾಡಬಾರದು.

ಪ್ರಮಾಣಪತ್ರ ಬರೆಯುವ ವೈದ್ಯರಿಗೆ ಒಂದು ಮಾತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಮುರಿದ ಎಲುಬು, ಮುರಿದ ಹಲ್ಲು ಹಿಂದಿನಂತೆಯೇ ತೀವ್ರ ಗಾಯ. ದಿನನಿತ್ಯದ ಕೆಲಸ ಮಾಡಲಾಗದ ಅವಧಿ ಮಾತ್ರ 20 ದಿನದಿಂದ 15ಕ್ಕೆ ಇಳಿದಿದೆ. ಹಳೇ ಫಾರಂ ನೋಡಿ ಬರೆದರೆ ಗಾಯಾಳುವಿಗೆ ಅನ್ಯಾಯವಾಗುತ್ತದೆ. ಗುದ್ದಿ ಓಡಿಹೋದ ಗಾಡಿಯ ಗುರುತೇ ಸಿಗದಿದ್ದರೂ ಕೈಚೆಲ್ಲಬೇಕಿಲ್ಲ. 2022ರ ಏಪ್ರಿಲ್‌ನಿಂದ ಜಾರಿಯಾದ ಯೋಜನೆಯಲ್ಲಿ ಸತ್ತರೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ ಪರಿಹಾರವಿದೆ. ಇದನ್ನು ಗಾಯಾಳುವಿನ ಮನೆಯವರಿಗೆ ಹೇಳುವವರೇ ಇಲ್ಲ. ಡಿಸ್ಚಾರ್ಜ್ ಚೀಟಿ ಕೊಡುವಾಗ ನರ್ಸ್ ಒಂದು ಮಾತು ಹೇಳಿದರೆ ಸಾಕು.

9. ತಂದವರನ್ನು ಹೆದರಿಸಬೇಡಿ, ಬಂದವರ ಬಳಿ ದುಡ್ಡು ಕೇಳಬೇಡಿ

ರಸ್ತೆಯಲ್ಲಿ ಬಿದ್ದವನನ್ನು ಎತ್ತಿದರೆ ಪೊಲೀಸು-ಕೋರ್ಟು ಅಲೆಯಬೇಕಾಗುತ್ತದೆ ಎಂಬ ಭಯ ಜನರಲ್ಲಿ ಈಗಲೂ ಇದೆ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತು. ನೆರವಿಗೆ ಬಂದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗಳಿಗೆ 2016ರಲ್ಲಿ ಕಾನೂನಿನ ಬಲ ಕೊಟ್ಟಿತು. ಕರ್ನಾಟಕವೂ ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿದೆ. ಗಾಯಾಳುವನ್ನು ತಂದವರು ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ, ಆಸ್ಪತ್ರೆಯಲ್ಲಿ ಕಾದು ನಿಲ್ಲಬೇಕಿಲ್ಲ, ದುಡ್ಡು ಕಟ್ಟಬೇಕಿಲ್ಲ. ಅಂಥವರಿಗೆ ನೀರು ಕೊಟ್ಟು, ಕೈ ತೊಳೆಯಲು ಜಾಗ ತೋರಿಸಿ, ‘ಒಳ್ಳೇ ಕೆಲಸ ಮಾಡಿದ್ರಿ’ ಎಂದು ಕಳಿಸಿ. ಗಂಭೀರ ಗಾಯಾಳುವನ್ನು ಮೊದಲ ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದವರಿಗೆ ಕೇಂದ್ರ ಸರ್ಕಾರ ಕೊಡುವ ಬಹುಮಾನ 2025ರಲ್ಲಿ 25,000 ರೂಪಾಯಿಗೆ ಏರಿದೆ.

ಖರ್ಚಿನ ವಿಷಯ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹೆದ್ದಾರಿಯಲ್ಲಿ ದೇಹ ಎರಡು ತುಂಡಾದರೂ ‘ಕಣ್ಣು ದಾನ ಮಾಡಿ’ ಎಂದು ಕೇಳಿಕೊಂಡ ಯುವಕ ಹರೀಶ್ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಅದೇ ವರ್ಷ ಸಾಂತ್ವನ ಯೋಜನೆ ತಂದಿತು. ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು. 2025ರ ಮೇ ತಿಂಗಳಲ್ಲಿ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯ ಅಧಿಸೂಚನೆ ಬಂತು. ಅಪಘಾತವಾದ ದಿನದಿಂದ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ, ನಿಗದಿತ ಆಸ್ಪತ್ರೆಗಳಲ್ಲಿ. ಬೇರೆ ಜಿಲ್ಲೆಯಲ್ಲಿ, ಬೇರೆ ರಾಜ್ಯದಲ್ಲಿ ಗಾಯವಾದರೂ ಅನ್ವಯಿಸುತ್ತದೆ. ಆದೋನಿಯ ಕೂಲಿಕಾರ ಸಿರುಗುಪ್ಪದಲ್ಲಿ ಬಿದ್ದರೂ ಅವನ ಹಕ್ಕು ಅದೇ. ಯೋಜನೆಯ ವಿವರವನ್ನು ಕ್ಯಾಷುಯಲ್ಟಿಯ ಗೋಡೆಯ ಮೇಲೆ ಕನ್ನಡ ಮತ್ತು ತೆಲುಗಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಓಲೆ, ಮೂಗುತಿ ಅಡವಿಟ್ಟು ದುಡ್ಡು ತಂದ ಮೇಲೆ ‘ಯೋಜನೆ ಇತ್ತಲ್ಲ’ ಎಂದು ತಿಳಿಸುವುದು ಕ್ರೌರ್ಯ.

10. ಗಾಯ ಹುಟ್ಟುವ ಜಾಗ ನಮಗೆ ಗೊತ್ತಿದೆ

ಕ್ಯಾಷುಯಲ್ಟಿಯ ರಿಜಿಸ್ಟರ್ ಓದಿದರೆ ಈ ಸೀಮೆಯ ಬೇಸಾಯದ ಪಂಚಾಂಗವೇ ಅದರಲ್ಲಿ ಸಿಗುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಜೋಳ, ತೊಗರಿ, ಭತ್ತದ ಮೇಲೆ ಜಾರಿದ ಬೈಕುಗಳು. ಭತ್ತ ತುಂಬಿ ಮಿಲ್ಲಿಗೆ ಹೊರಟು, ಕೆಟ್ಟು, ದೀಪವಿಲ್ಲದೆ ರಸ್ತೆಯಲ್ಲೇ ನಿಂತ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದ ಹುಡುಗರು. ಮೆಣಸಿನಕಾಯಿ ಕಾಲದಲ್ಲಿ ಕೂಲಿ ಆಟೊಗಳು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ರಾತ್ರಿ ನಡೆದು ಹೋಗುವ ಪಾದಯಾತ್ರಿಗಳು. ಮಳೆಗಾಲದಲ್ಲಿ ಎರೆಭೂಮಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಅಂಚು ಕುಸಿದ ರಸ್ತೆಯಿಂದ ಕೆಳಗಿಳಿದ ಗಾಡಿಗಳು.

ಇವುಗಳಲ್ಲಿ ಅತಿ ಭೀಕರವಾದದ್ದು ನಿಂತ ಟ್ರೇಲರ್‌ನ ಗುದ್ದು. ಬೈಕ್ ಸವಾರನ ಮುಖ ಮತ್ತು ಎದೆಯ ಎತ್ತರಕ್ಕೆ ಸರಿಯಾಗಿ ಅದರ ಹಿಂದಿನ ಕಬ್ಬಿಣದ ಅಂಚು ಇರುತ್ತದೆ. ನಾನು ಇಲ್ಲಿ ಬರೆದ ಯಾವ ಪಾಠವೂ ಅಲ್ಲಿ ಬಹಳ ಸಲ ಕೆಲಸಕ್ಕೆ ಬರುವುದಿಲ್ಲ, ಗಾಯಾಳು ನಮ್ಮ ಬಾಗಿಲಿಗೆ ಬರುವ ಮೊದಲೇ ಎಲ್ಲ ಮುಗಿದಿರುತ್ತದೆ.

ಈ ಗಾಯವನ್ನು ತಡೆಯುವುದು ಡಾಕ್ಟರ ಕೈಯಲ್ಲಿಲ್ಲ, ಓದುವ ರೈತರ ಕೈಯಲ್ಲಿದೆ. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡಿನ ಆಟೊಮೊಬೈಲ್ ಅಂಗಡಿಗಳಲ್ಲಿ ಕೆಂಪು ರೇಡಿಯಂ ಪಟ್ಟಿ ಸಿಗುತ್ತದೆ, ಅದರ ಬೆಲೆ ಒಂದು ಲೀಟರ್ ಡೀಸೆಲ್‌ನ ಆಸುಪಾಸು. ಈ ಸಲದ ಭತ್ತ ಹೇರುವ ಮೊದಲು ನಿಮ್ಮ ಟ್ರೇಲರ್ ಹಿಂದೆ ಅದನ್ನು ಅಡ್ಡಕ್ಕೆ ಅಂಟಿಸಿ, ಮಣ್ಣು ಕೂತರೆ ಒರೆಸಿ. ಗಾಡಿ ಕೆಟ್ಟರೆ ರಸ್ತೆಯಿಂದ ಕೆಳಗಿಳಿಸಿ, ಆಗದಿದ್ದರೆ ಒಬ್ಬರು ಹಿಂದೆ ದೂರದಲ್ಲಿ ಟಾರ್ಚ್ ಹಿಡಿದು ನಿಲ್ಲಿ. ನಿಮ್ಮ ಊರಿನ ಎಲ್ಲ ಟ್ರೇಲರ್‌ಗಳಿಗೂ ಅಂಟಿಸುವ ತನಕ ಬಿಡಬೇಡಿ.